ದೊಡ್ಡ ದೇಶ ಗದರಿದಾಗ ದಾರಿ ಯಾರ ಕೈಯಲ್ಲಿದೆ?

ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಬ್ರೆಜಿಲ್ ಎಂದರೆ ಮಿನಾಸ್ ಜೆರೈಸ್. ಅಲ್ಲಿ ಹಿಮ ಬಿತ್ತೇ, ಹೂಮಳೆ ಕೈಕೊಟ್ಟಿತೇ ಎಂಬ ಸುದ್ದಿಯ ಮೇಲೆ ಇಲ್ಲಿ ಪಾರ್ಚ್‌ಮೆಂಟ್ ದರ ಏರುತ್ತದೆ, ಇಳಿಯುತ್ತದೆ. ಆ ರಾಜ್ಯದ ಹವಾಮಾನ ನಮ್ಮವರಿಗೆ ಬೆಂಗಳೂರಿನ ಹವಾಮಾನಕ್ಕಿಂತ ಚೆನ್ನಾಗಿ ಗೊತ್ತು. ಆದರೆ ಅದೇ ಬ್ರೆಜಿಲ್‌ನ ಉತ್ತರದ ತುದಿಯಲ್ಲಿರುವ ರೊರೈಮಾ ರಾಜ್ಯಕ್ಕೆ 2023ರ ಕೊನೆಯಲ್ಲಿ ಸೈನಿಕರೂ ಶಸ್ತ್ರಸಜ್ಜಿತ ವಾಹನಗಳೂ ಹೊರಟದ್ದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಲಿಲ್ಲ. ದರದ ಮೇಲೆ ಪರಿಣಾಮ ಬೀರದ ಸುದ್ದಿಯನ್ನು ಯಾರು ಓದುತ್ತಾರೆ? ನನ್ನ ಪ್ರಕಾರ ಆ ವರ್ಷ ದಕ್ಷಿಣ ಅಮೆರಿಕದಲ್ಲಿ ನಡೆದ ಅತಿ ಮುಖ್ಯ ರಾಜತಾಂತ್ರಿಕ ನಡೆ ಅದೇ.

ಬಲಾಢ್ಯ ದೇಶವೊಂದು ಪಕ್ಕದ ಸಣ್ಣ ದೇಶದ ಮೇಲೆ ತೋಳೇರಿಸಿದಾಗ ಸುದ್ದಿವಾಹಿನಿಗಳು ಯಾರು ಖಂಡಿಸಿದರು, ಯಾರು ಸುಮ್ಮನಿದ್ದರು ಎಂದು ಪಟ್ಟಿ ಮಾಡುತ್ತವೆ. ಆ ಪಟ್ಟಿಯಿಂದ ತಿಳಿಯುವುದು ಕಡಿಮೆ. ಕೇಳಬೇಕಾದ ಪ್ರಶ್ನೆ ಬೇರೆ: ಬೆದರಿಸುವವನಿಗೆ ತನ್ನ ಕೆಲಸ ಸಾಧಿಸಲು ಯಾರ ರಸ್ತೆ, ಯಾರ ಬಂದರು, ಯಾರ ಬ್ಯಾಂಕು, ಯಾರ ಮಾರುಕಟ್ಟೆ ಬೇಕು? ಅವರು ಏನು ಮಾಡಿದರು?

ರೊರೈಮಾಕ್ಕೆ ಸೈನಿಕರು ಹೊರಡಲು ಕಾರಣವಾದ, ಬ್ರೆಜಿಲ್‌ನ ನೆರೆಯ ಗಯಾನಾದ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿಸ್ತಾರದಲ್ಲಿ ಅದು ಕರ್ನಾಟಕಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಸುಮಾರು 8 ಲಕ್ಷ, ಅಂದರೆ ಚಿಕ್ಕಮಗಳೂರು ಜಿಲ್ಲೆಗಿಂತಲೂ ಕಡಿಮೆ. ಅಲ್ಲಿನ ಜನರಲ್ಲಿ ಸುಮಾರು ಶೇ 40ರಷ್ಟು ಮಂದಿ 1838ರಿಂದಾಚೆಗೆ ಕಬ್ಬಿನ ತೋಟಗಳಿಗೆಂದು ಬ್ರಿಟಿಷರು ಕರಾರು ಮಾಡಿಸಿ ಹಡಗು ಹತ್ತಿಸಿದ ಭಾರತೀಯ ಕೂಲಿಗಳ ವಂಶದವರು. ಈ ದೇಶದ ಹೆಚ್ಚುಕಡಿಮೆ ಮುಕ್ಕಾಲು ಭಾಗದಷ್ಟು ನೆಲ, ಎಸೆಕ್ವಿಬೊ ನದಿಯ ಪಶ್ಚಿಮಕ್ಕಿರುವ ಸುಮಾರು 1.59 ಲಕ್ಷ ಚದರ ಕಿಲೋಮೀಟರ್, ತನ್ನದು ಎನ್ನುವುದು ವೆನೆಜುವೆಲಾದ ವಾದ.

ವಾದಕ್ಕೆ ಬುಡವೇ ಇಲ್ಲವೆನ್ನಲಾಗದು. 1899ರಲ್ಲಿ ಪ್ಯಾರಿಸ್‌ನಲ್ಲಿ ಕುಳಿತ ಪಂಚಾಯತಿ ಮಂಡಳಿ ಆ ನೆಲದ ಬಹುಪಾಲನ್ನು ಬ್ರಿಟಿಷ್ ಗಯಾನಾಕ್ಕೆ ಕೊಟ್ಟಿತು. ಮಂಡಳಿಯಲ್ಲಿ ಇಬ್ಬರು ಬ್ರಿಟಿಷರು, ಇಬ್ಬರು ಅಮೆರಿಕನ್ನರು, ಅಧ್ಯಕ್ಷತೆಗೆ ರಷ್ಯದ ನ್ಯಾಯಶಾಸ್ತ್ರಜ್ಞ ಫ್ರೆಡರಿಕ್ ಮಾರ್ಟೆನ್ಸ್, ವೆನೆಜುವೆಲಾದವನೊಬ್ಬನೂ ಇರಲಿಲ್ಲ. ಅರ್ಧ ಶತಮಾನದ ನಂತರ, ಆ ಮೊಕದ್ದಮೆಯಲ್ಲಿ ವೆನೆಜುವೆಲಾದ ಪರ ನಿಂತಿದ್ದ ಅಮೆರಿಕದ ವಕೀಲರೊಬ್ಬರ ಮರಣಾನಂತರ ಪ್ರಕಟವಾದ ಟಿಪ್ಪಣಿಯಲ್ಲಿ, ತೀರ್ಪು ಒಳಒಪ್ಪಂದದ ಫಲ ಎಂಬ ಆರೋಪವಿತ್ತು. 1962ರಲ್ಲಿ ವೆನೆಜುವೆಲಾ ತೀರ್ಪನ್ನು ತಿರಸ್ಕರಿಸಿತು. 1966ರಲ್ಲಿ ಗಯಾನಾ ಸ್ವತಂತ್ರವಾಗುವ ಹೊತ್ತಿಗೆ ಜಿನೀವಾದಲ್ಲೊಂದು ಒಪ್ಪಂದವಾಯಿತು, ವಿವಾದ ಮಾತ್ರ ಹಾಗೆಯೇ ಉಳಿಯಿತು. ಅದೇ ವರ್ಷ ಗಡಿನದಿಯ ನಡುವಿನ ಅಂಕೊಕೊ ದ್ವೀಪವನ್ನು ವೆನೆಜುವೆಲಾ ಪೂರ್ತಿಯಾಗಿ ಹಿಡಿದುಕೊಂಡಿತು. ಜಗತ್ತು ಅದಕ್ಕೆ ಮಾಡಿದ್ದು ಏನೂ ಇಲ್ಲ.

2015ರಲ್ಲಿ ಗಯಾನಾದ ಕಡಲಿನಲ್ಲಿ ಎಕ್ಸಾನ್‌ಮೊಬಿಲ್ ಕಂಪನಿಗೆ ತೈಲ ಸಿಕ್ಕಿತು. ಹಳೆಯ ಕಡತದ ದೂಳು ಕೊಡವಲು ಬೇರೆ ಕಾರಣ ಬೇಕೆ? 2018ರಲ್ಲಿ ಗಯಾನಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಡಿಸೆಂಬರ್ 1ರಂದು ನ್ಯಾಯಾಲಯ, ಈಗಿರುವ ಸ್ಥಿತಿಯನ್ನು ಬದಲಿಸುವ ಯಾವ ಕ್ರಮವನ್ನೂ ಕೈಗೊಳ್ಳಬಾರದು ಎಂದು ವೆನೆಜುವೆಲಾಕ್ಕೆ ಆದೇಶಿಸಿತು. ಎರಡು ದಿನಗಳ ನಂತರ ವೆನೆಜುವೆಲಾದ ಅಂದಿನ ಅಧ್ಯಕ್ಷ ನಿಕೊಲಸ್ ಮಡುರೊ ತಮ್ಮ ದೇಶದಲ್ಲಿ ಈ ಬಗ್ಗೆ ಜನಮತಗಣನೆ ನಡೆಸಿದರು. ಎಸೆಕ್ವಿಬೊವನ್ನು ಹೊಸ ರಾಜ್ಯವಾಗಿ ತೋರಿಸುವ ನಕ್ಷೆ ಹೊರಬಂತು, ಅದಕ್ಕೊಬ್ಬ ಸೇನಾಧಿಕಾರಿಯ ನೇಮಕವೂ ಆಯಿತು. ಗಯಾನಾದ ಸೇನೆ ಕೆಲವು ಸಾವಿರ ಜನರದ್ದು. ವೆನೆಜುವೆಲಾದ್ದು ಲಕ್ಷ ಮೀರಿದ್ದು.

ಪ್ರತಿಕ್ರಿಯೆಗಳು ಸಾಲುಗಟ್ಟಿದವು. ಅಮೆರಿಕ ಗಯಾನಾದ ಜೊತೆ ಸೇರಿ ವಿಮಾನ ಹಾರಾಟ ನಡೆಸಿತು. ಬ್ರಿಟನ್ ಡಿಸೆಂಬರ್ ಕೊನೆಯಲ್ಲಿ ಎಚ್‌ಎಂಎಸ್ ಟ್ರೆಂಟ್ ಎಂಬ ಗಸ್ತು ನೌಕೆಯನ್ನು ಕಳುಹಿಸಿತು. ಯುದ್ಧ ಮಾಡಲು ಅಂಥ ನೌಕೆ ಸಾಲದು, ಬಾವುಟ ತೋರಿಸಲು ಸಾಕು. ಕುತೂಹಲದ ಪಾತ್ರ ಚೀನಾದ್ದು. ವೆನೆಜುವೆಲಾಕ್ಕೆ ಸಾವಿರಾರು ಕೋಟಿ ಡಾಲರ್ ಸಾಲ ಕೊಟ್ಟ ದೇಶ ಅದು, ಹಾಗಾಗಿ ಮಡುರೊ ಪರ ನಿಲ್ಲುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಗಯಾನಾದ ಆ ತೈಲ ಕ್ಷೇತ್ರದಲ್ಲಿ ಚೀನಾದ ಸರ್ಕಾರಿ ಕಂಪನಿ ಸಿನೂಕ್‌ಗೆ ಶೇ 25ರ ಪಾಲು ಇದೆ. ಇಬ್ಬರೂ ನಮ್ಮ ಮಿತ್ರರು, ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಿ ಎಂದು ಬೀಜಿಂಗ್ ಹೇಳಿತು. ಇದನ್ನು ನೀತಿಗೆಟ್ಟ ನಿಲುವು ಎಂದು ಬೈಯಬಹುದು. ಆದರೆ ಗಯಾನಾದ ದೃಷ್ಟಿಯಿಂದ ನೋಡಿ: ಶತ್ರುವಿಗೆ ದೊಡ್ಡ ಸಾಲ ಕೊಟ್ಟವನನ್ನು ತನ್ನ ಬಾವಿಯಲ್ಲಿ ಪಾಲುದಾರನನ್ನಾಗಿ ಮಾಡಿಕೊಂಡಿದ್ದು ಎಷ್ಟು ಸೈನಿಕರಿಗೆ ಸಮ?

ಇವೆಲ್ಲದರ ನಡುವೆ ಬ್ರೆಜಿಲ್‌ನ ನಡೆ. ವೆನೆಜುವೆಲಾ–ಗಯಾನಾ ಗಡಿ ಪೂರ್ತಿ ದಟ್ಟ ಕಾಡು, ನದಿ, ಕಡಿದಾದ ಬೆಟ್ಟ. ಒಂದು ದೇಶದಿಂದ ಇನ್ನೊಂದಕ್ಕೆ ನೇರ ರಸ್ತೆಯೇ ಇಲ್ಲ. ಟ್ಯಾಂಕು, ಲಾರಿ, ಆಹಾರ, ಇಂಧನ ಸಾಗಿಸಬೇಕೆಂದರೆ ವೆನೆಜುವೆಲಾದಿಂದ ಬ್ರೆಜಿಲ್‌ನ ಪಕರೈಮಾಕ್ಕೆ ಇಳಿದು, ಬೊವಾ ವಿಸ್ಟಾ ಹಾದು, ಬೊನ್ಫಿಮ್‌ನಲ್ಲಿ ಟಕುಟು ನದಿಯ ಸೇತುವೆ ದಾಟಿ ಗಯಾನಾದ ಲೆಥೆಮ್ ಸೇರಬೇಕು. ಶಿರಾಡಿ ಘಾಟಿ ಕುಸಿದಾಗ ಚಾರ್ಮಾಡಿ ಸುತ್ತಿ ಮಂಗಳೂರಿಗೆ ಹೋದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಬ್ರೆಜಿಲ್ ಮಾಡಿದ್ದು ಇಷ್ಟೇ: ಬೊವಾ ವಿಸ್ಟಾ, ಪಕರೈಮಾಗಳಲ್ಲಿ ಪಡೆಗಳನ್ನು ಹೆಚ್ಚಿಸಿತು, ತನ್ನ ನೆಲದ ಮೂಲಕ ಯಾರ ಸೈನ್ಯವೂ ಹಾಯಲು ಬಿಡುವುದಿಲ್ಲ ಎಂದಿತು. ಮಡುರೊ ಬಗ್ಗೆ ಅಧ್ಯಕ್ಷ ಲೂಲಾ ಅವರಿಗೆ ಹಳೆಯ ಸಲಿಗೆ ಇತ್ತು. ಹಾಗಾಗಿಯೇ ಆ ಮಾತಿಗೆ ತೂಕ ಬಂತು. ಶತ್ರು ‘ಬೇಡ’ ಎಂದರೆ ಹಟ ಹೆಚ್ಚುತ್ತದೆ. ಸ್ನೇಹಿತನೇ ಬಾಗಿಲಿಗೆ ಅಡ್ಡ ನಿಂತರೆ ಯೋಚಿಸಬೇಕಾಗುತ್ತದೆ. ಡಿಸೆಂಬರ್ 14ರಂದು ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಮಡುರೊ ಮತ್ತು ಗಯಾನಾದ ಅಧ್ಯಕ್ಷ ಇರ್ಫಾನ್ ಅಲಿ ಎದುರುಬದುರು ಕುಳಿತು, ಬಲಪ್ರಯೋಗ ಮಾಡುವುದಿಲ್ಲವೆಂಬ ಹೇಳಿಕೆಗೆ ಒಪ್ಪಿದರು. ವಿವಾದ ಮುಗಿಯಲಿಲ್ಲ, ಯುದ್ಧವಂತೂ ಆಗಲಿಲ್ಲ.

ನಮ್ಮ ಕಡೆ ತೋಟಗಳ ಗಡಿ ತಕರಾರು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ದೊಡ್ಡ ಎಸ್ಟೇಟಿನವರು ಬೇಲಿಯನ್ನು ಎರಡು ಎಕರೆಯವನ ಕಡೆಗೆ ಸರಿಸುತ್ತಾರೆ. ಆತ ಹದ್ದುಬಸ್ತಿಗೆ ಅರ್ಜಿ ಹಾಕುತ್ತಾನೆ, ಚಕ್ಕುಬಂದಿದಾರರಿಗೆಲ್ಲ ನೋಟಿಸ್ ಹೋಗುತ್ತದೆ, ಸರ್ವೆಯರ್ ಬರುತ್ತಾರೆ. ಹಿಂದಿನ ದಿನ ಸಂತೆಯಲ್ಲಿ ‘ಅನ್ಯಾಯ ಕಣಯ್ಯ’ ಎಂದವರು ಮಹಜರಿಗೆ ಸಹಿ ಹಾಕುವ ಹೊತ್ತಿಗೆ ಯಾರದ್ದೋ ಮದುವೆಗೆ ಹೋಗಿರುತ್ತಾರೆ. ಅವರನ್ನು ಹೇಡಿಗಳೆನ್ನಬೇಡಿ, ಮನೆಯವರಿಗೆ ಎಸ್ಟೇಟಿನಲ್ಲಿ ಕೆಲಸವಿರುತ್ತದೆ, ಕೈಗಡ ಬಾಕಿ ಇರುತ್ತದೆ. ಬೇಲಿ ಹಿಂದೆ ಸರಿಯುವುದು ಒಂದೇ ಸಂದರ್ಭದಲ್ಲಿ: ಎಸ್ಟೇಟಿನ ಜೀಪು ಪಲ್ಪಿಂಗ್ ಹೌಸಿಗೆ ಹೋಗುವ ದಾರಿ ಯಾರ ಜಮೀನಿನಲ್ಲಿದೆಯೋ ಆತ ಬಾಂದು ಕಲ್ಲಿನ ಪಕ್ಕ ಬಂದು ನಿಂತಾಗ.

1990ರ ಕುವೈತ್‌ನಲ್ಲೂ ಆದದ್ದು ಅದೇ, ಆದರೆ ತಡವಾಗಿ. ಜುಲೈ ತಿಂಗಳಲ್ಲಿ ಸದ್ದಾಂ ಹುಸೇನ್ ಬಹಿರಂಗವಾಗಿಯೇ ಬೆದರಿಸುತ್ತಿದ್ದರು, ಗಡಿಯಲ್ಲಿ ಪಡೆ ಜಮಾಯಿಸುತ್ತಿದ್ದರು. ಅರಬ್ ನಾಯಕರು ಇದನ್ನು ಚೌಕಾಸಿ ಎಂದುಕೊಂಡರು, ಅಮೆರಿಕ ಅಸ್ಪಷ್ಟವಾಗಿ ಮಾತಾಡಿತು. ಆಗಸ್ಟ್ 2ರಂದು ಕುವೈತ್ ಹೋಯಿತು. ಆ ಮೇಲೆ ಮಾತ್ರ ತುರ್ಕಿ ಮತ್ತು ಸೌದಿ ಅರೇಬಿಯಾ ತಮ್ಮ ನೆಲದ ಮೂಲಕ ಹಾಯುತ್ತಿದ್ದ ಇರಾಕಿನ ತೈಲ ಕೊಳವೆಗಳನ್ನು ಮುಚ್ಚಿದವು, ಸೌದಿ ತನ್ನ ನೆಲವನ್ನು ಅಮೆರಿಕದ ಸೇನೆಗೆ ತೆರೆಯಿತು. ಇದೇ ಎರಡು ಕೆಲಸಗಳನ್ನು ಜುಲೈನಲ್ಲೇ ಮಾಡುತ್ತೇವೆಂದು ಹೇಳಿದ್ದರೆ? ಇತಿಹಾಸದಲ್ಲಿ ‘ರೆ’ಗಳಿಗೆ ಬೆಲೆಯಿಲ್ಲ, ನಿಜ. ಆದರೂ ಕೇಳದೆ ಇರಲಾಗದು. ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ತರಬೇಕಾಯಿತು.

ಕುವೈತ್ ಪ್ರಸಂಗದಲ್ಲಿ ಯೆಮನ್‌ಗೆ ಆದದ್ದನ್ನು ಮರೆಯಬಾರದು. ಬಲಪ್ರಯೋಗಕ್ಕೆ ಅನುಮತಿ ಕೊಟ್ಟ 678ನೇ ನಿರ್ಣಯದ ವಿರುದ್ಧ ಭದ್ರತಾ ಮಂಡಳಿಯಲ್ಲಿ ಮತ ಹಾಕಿದ್ದು ಕ್ಯೂಬಾ ಮತ್ತು ಯೆಮನ್ ಮಾತ್ರ. ಅಮೆರಿಕ ಯೆಮನ್‌ನ ನೆರವನ್ನು ಕಡಿತಗೊಳಿಸಿತು. ಅದಕ್ಕೂ ಮೊದಲೇ, ಯೆಮನ್‌ನ ಒಲವು ಎತ್ತ ಎಂದು ಕಂಡ ಸೌದಿ ತನ್ನಲ್ಲಿ ದುಡಿಯುತ್ತಿದ್ದ ಯೆಮನಿಗಳ ಸವಲತ್ತು ಕಿತ್ತುಕೊಂಡಿತ್ತು; ಲಕ್ಷಾಂತರ ಮಂದಿ ಗಂಟುಮೂಟೆ ಕಟ್ಟಿ ಊರಿಗೆ ಮರಳಿದ್ದರು. ಆ ಬಡ ದೇಶದ ಆರ್ಥಿಕತೆ ಮುರಿದು ಬಿತ್ತು. ವಿಶ್ವಸಂಸ್ಥೆಯ ಮತಗಳನ್ನು ಅಂತಃಸಾಕ್ಷಿಯ ಎಣಿಕೆ ಎಂದು ಓದುವವರು ಇದನ್ನೊಮ್ಮೆ ನೆನೆಯಲಿ.

ಉಕ್ರೇನ್ ಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಪೂರ್ತಿ ಹೇಳುವುದಿಲ್ಲ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ರಷ್ಯವನ್ನು ಖಂಡಿಸಿದವು, 5 ವಿರೋಧಿಸಿದವು, ಭಾರತವೂ ಸೇರಿ 35 ದೂರ ಉಳಿದವು. ಅಷ್ಟು ದೊಡ್ಡ ಬಹುಮತದಿಂದ ಒಂದು ಟ್ಯಾಂಕೂ ಹಿಂದೆ ಹೋಗಲಿಲ್ಲ. ಕೆಲಸ ಮಾಡಿದ್ದು ಬೇರೆ ಎರಡು ನಿರ್ಧಾರಗಳು. ಬೆಲಾರೂಸ್ ಜಂಟಿ ತಾಲೀಮಿನ ನೆಪದಲ್ಲಿ ರಷ್ಯದ ಪಡೆಗಳನ್ನು ಒಳಗೆ ಬಿಟ್ಟುಕೊಂಡಿತು. ಕೀವ್‌ಗೆ ಹತ್ತಿರದ ದಾರಿ ಅಲ್ಲಿಂದಲೇ. ಇನ್ನೊಂದು ಕಡೆ ತುರ್ಕಿ, 1936ರ ಮಾಂಟ್ರೊ ಒಪ್ಪಂದದ ಅಧಿಕಾರ ಬಳಸಿ ಕಪ್ಪು ಸಮುದ್ರಕ್ಕೆ ಹೋಗುವ ಬಾಸ್ಫರಸ್, ಡಾರ್ಡನೆಲ್ಸ್ ಜಲಸಂಧಿಗಳನ್ನು ಯುದ್ಧನೌಕೆಗಳಿಗೆ ಮುಚ್ಚಿತು. ರಷ್ಯದ ಮೇಲೆ ತುರ್ಕಿ ನಿರ್ಬಂಧ ಹೇರಲಿಲ್ಲ, ಅನಿಲ ಕೊಳ್ಳುವುದನ್ನು ಬಿಡಲಿಲ್ಲ, ರಷ್ಯದ ಪ್ರವಾಸಿಗರಿಗೆ ಹೋಟೆಲು ತೆರೆದೇ ಇಟ್ಟಿತು. ಆದರೂ ಏಪ್ರಿಲ್‌ನಲ್ಲಿ ಮಾಸ್ಕ್ವಾ ನೌಕೆ ಮುಳುಗಿದಾಗ ಅದರ ಜಾಗಕ್ಕೆ ಬೇರೆ ಸಮುದ್ರದಿಂದ ಇನ್ನೊಂದನ್ನು ತರಲು ರಷ್ಯಕ್ಕೆ ಆಗಲಿಲ್ಲ. ನೂರು ಭಾಷಣಗಳ ಕೆಲಸವನ್ನು ಒಂದು ಹಳೆಯ ಒಪ್ಪಂದದ ಕಲಮು ಮಾಡಿತು.

ಇಂಥ ನಿರ್ಧಾರಗಳು ಎಷ್ಟು ದೂರ ಬರುತ್ತವೆ ಎಂಬುದಕ್ಕೆ ಮಲೆನಾಡಿನ ಗೊಬ್ಬರದ ಅಂಗಡಿಯೇ ಸಾಕ್ಷಿ. ಕಾಫಿ ಗಿಡಕ್ಕೆ ಪೊಟ್ಯಾಶ್ ಬೇಕು. ಭಾರತ ಬಹುತೇಕ ಪೂರ್ತಿ ಆಮದನ್ನೇ ನಂಬಿದೆ, ದೊಡ್ಡ ಉತ್ಪಾದಕರಲ್ಲಿ ರಷ್ಯ ಮತ್ತು ಬೆಲಾರೂಸ್ ಇವೆ. ಬೆಲಾರೂಸ್‌ಗೆ ಕಡಲಿಲ್ಲ. ಅದರ ಪೊಟ್ಯಾಶ್ ರೈಲಿನಲ್ಲಿ ಲಿಥುವೇನಿಯಾ ದಾಟಿ ಕ್ಲೈಪೆಡಾ ಬಂದರಿಗೆ ಬರುತ್ತಿತ್ತು. ಬೆಲಾರೂಸ್‌ನ ಅಧ್ಯಕ್ಷ ಲುಕಶೆಂಕೊ ಆಡಳಿತದ ದಬ್ಬಾಳಿಕೆಗಾಗಿ ಅಮೆರಿಕ ಹೇರಿದ್ದ ನಿರ್ಬಂಧದ ಹಿನ್ನೆಲೆಯಲ್ಲಿ, ಯುದ್ಧಕ್ಕೆ ಮೂರು ವಾರ ಮೊದಲು, 2022ರ ಫೆಬ್ರುವರಿ 1ರಂದು ಲಿಥುವೇನಿಯಾ ಆ ರೈಲುಗಳನ್ನು ನಿಲ್ಲಿಸಿತು. ಆಮೇಲೆ ಯುದ್ಧ, ರಷ್ಯದ ಬ್ಯಾಂಕುಗಳ ಮೇಲೆ ನಿರ್ಬಂಧ, ಹಡಗುಗಳ ವಿಮೆಯ ತೊಡಕು. ಆ ವರ್ಷ 50 ಕಿಲೋ ಪೊಟ್ಯಾಶ್ ಚೀಲದ ಬೆಲೆ 1,700 ರೂಪಾಯಿ ಮುಟ್ಟಿತು. ಮೂಡಿಗೆರೆಯ ಸಣ್ಣ ಬೆಳೆಗಾರ ಕ್ಲೈಪೆಡಾದ ಹೆಸರು ಕೇಳದೆಯೇ ಅದರ ಬಾಬ್ತು ಪಾವತಿಸಿದ. ಸಣ್ಣ ದೇಶದ ಕೈಯಲ್ಲೂ ಒಂದು ರೈಲು ಹಳಿ ಇದ್ದರೆ ಅದಕ್ಕೆ ಮಾತು ಇರುತ್ತದೆ. ಮಾತಿನ ಬೆಲೆ ಯಾರು ಕೊಡುತ್ತಾರೆ ಎಂಬುದು ಮಾತ್ರ ಅದರ ಕೈಯಲ್ಲಿಲ್ಲ.

ಇನ್ನು ಭಾರತದ ವಿಷಯ. ನಾವು ದೂರ ಉಳಿದದ್ದನ್ನು ಒಂದು ಗುಂಪು ಸ್ವಾಭಿಮಾನ ಎಂದು ಮೆರೆಸುತ್ತದೆ, ಇನ್ನೊಂದು ಗುಂಪು ನಾಚಿಕೆಗೇಡು ಎನ್ನುತ್ತದೆ. ಎರಡರಲ್ಲೂ ನನಗೆ ಅತಿರೇಕ ಕಾಣುತ್ತದೆ. 1971ರ ಡಿಸೆಂಬರ್ 7ರಂದು ಮಹಾಸಭೆಯಲ್ಲಿ ಕದನ ವಿರಾಮ ಮಾಡಿ, ಸೇನೆ ಹಿಂತೆಗೆಯಿರಿ ಎಂಬ ನಿರ್ಣಯಕ್ಕೆ 104 ದೇಶಗಳು ಮತ ಹಾಕಿದವು. ವಿರೋಧಿಸಿದ್ದು ಭಾರತ, ಸೋವಿಯತ್ ಬಣ ಸೇರಿ 11. ಆ ದಿನ ಜಗತ್ತಿನ ಬಹುಮತದ ಕಣ್ಣಿಗೆ ನಾವೇ ನೆರೆಯವನ ಗಡಿ ದಾಟಿದ ದೊಡ್ಡ ದೇಶ. ಪೂರ್ವ ಬಂಗಾಳದಲ್ಲಿ ಏನು ನಡೆಯುತ್ತಿತ್ತು, ಒಂದು ಕೋಟಿಯಷ್ಟು ನಿರಾಶ್ರಿತರು ಏಕೆ ಬಂದರು ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ. ಭದ್ರತಾ ಮಂಡಳಿಯಲ್ಲಿ ನಮ್ಮನ್ನು ಕಾಪಾಡಿದ್ದು ಸೋವಿಯತ್ ವಿಟೊ. ದೆಹಲಿ ಮಾಸ್ಕೊ ವಿರುದ್ಧ ಕೈ ಎತ್ತಲು ಹಿಂಜರಿಯುವುದರ ಹಿಂದೆ ಈ ನೆನಪೂ ಇದೆ, ಸೇನೆಯ ಬಿಡಿಭಾಗಗಳ ಲೆಕ್ಕವೂ ಇದೆ.

ಆದರೆ ದೂರ ಉಳಿಯುವುದು ಬೇರೆ, ಸೋವಿ ಸಿಕ್ಕಿತೆಂದು ಅಂಗಡಿಗೆ ನುಗ್ಗುವುದು ಬೇರೆ. ಯುದ್ಧಕ್ಕೆ ಮುಂಚೆ ನಗಣ್ಯವಾಗಿದ್ದ ರಷ್ಯದ ತೈಲ 2023ರ ಹೊತ್ತಿಗೆ ನಮ್ಮ ಕಚ್ಚಾತೈಲ ಆಮದಿನ ಮೂರನೇ ಒಂದು ಭಾಗವನ್ನು ಮೀರಿತು. ಯುರೋಪ್ ಮುಚ್ಚಿದ ಮಾರುಕಟ್ಟೆಯ ಬದಲಿಗೆ ನಾವೂ ಚೀನಾವೂ ದಾರಿಯಾದೆವು. ಇದರಿಂದ ಜಾಗತಿಕ ತೈಲ ಬೆಲೆ ಹತೋಟಿಯಲ್ಲಿತ್ತು ಎಂಬ ಸರ್ಕಾರದ ಸಮರ್ಥನೆಯಲ್ಲಿ ಹುರುಳಿದೆ, ಮೊದಮೊದಲು ಅಮೆರಿಕವೂ ತಕರಾರು ಮಾಡಲಿಲ್ಲ. ಆದರೆ ದಾರಿ ಕೊಟ್ಟವನ ಮೇಲೆ ಒಂದಲ್ಲ ಒಂದು ದಿನ ಕಣ್ಣು ಬಿದ್ದೇ ಬೀಳುತ್ತದೆ. 2025ರ ಆಗಸ್ಟ್ 27ರಿಂದ, ರಷ್ಯದ ತೈಲ ಕೊಳ್ಳುತ್ತೀರಿ ಎಂಬ ಕಾರಣಕ್ಕೆ ಭಾರತದ ಸರಕುಗಳ ಮೇಲೆ ಅಮೆರಿಕ ಇನ್ನೂ ಶೇ 25ರ ಸುಂಕ ಸೇರಿಸಿ ಒಟ್ಟು ಶೇ 50ಕ್ಕೆ ಏರಿಸಿತು. ವಿಚಿತ್ರವೆಂದರೆ ಅದೇ ವರ್ಷದ ಫೆಬ್ರುವರಿ 24ರಂದು ಉಕ್ರೇನ್ ಪರವಾದ ಮಹಾಸಭೆಯ ನಿರ್ಣಯದ ವಿರುದ್ಧ ರಷ್ಯದ ಜೊತೆ ಮತ ಹಾಕಿದ್ದು ಇದೇ ಅಮೆರಿಕ! ಮೂರು ವರ್ಷದ ಹಿಂದಿನ 141 ಮತಗಳು ಅಂದು 93ಕ್ಕೆ ಇಳಿದಿದ್ದವು. ಭಾರತ ಅಂದೂ ದೂರವೇ ಉಳಿದಿತ್ತು.

2022ರಲ್ಲಿ ಉಕ್ರೇನ್ ಮೇಲಿನ ರಷ್ಯದ ಆಕ್ರಮಣಕ್ಕೆ ಮೂರು ದಿನ ಮೊದಲು, ಭದ್ರತಾ ಮಂಡಳಿಯಲ್ಲಿ ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಆಡಿದ ಮಾತು ನನ್ನ ಮಟ್ಟಿಗೆ ಈ ಇಡೀ ಪ್ರಸಂಗದ ಅತ್ಯಂತ ಪ್ರಬುದ್ಧ ಪ್ರತಿಕ್ರಿಯೆ. ಆಫ್ರಿಕಾದ ಗಡಿಗಳನ್ನು ಎಳೆದದ್ದು ಲಂಡನ್, ಪ್ಯಾರಿಸ್, ಲಿಸ್ಬನ್‌ಗಳಲ್ಲಿ. ಒಂದೇ ನುಡಿಯ, ಒಂದೇ ಕುಲದ ಜನ ಗಡಿಯ ಆಚೆಗೂ ಇದ್ದಾರೆ. ಹಾಗೆಂದು ಸತ್ತ ಸಾಮ್ರಾಜ್ಯಗಳ ಬೂದಿ ಕೆದಕಲು ಹೊರಟರೆ ಇಂದಿಗೂ ರಕ್ತ ಹರಿಯುತ್ತಿತ್ತು ಎಂಬುದು ಅದರ ಸಾರ. 1899ರ ತೀರ್ಪನ್ನು ಹಿಡಿದು ಮಡುರೊ ಮಾಡಿದ ವಾದಕ್ಕೂ ಇದೇ ಉತ್ತರ ಒಪ್ಪುತ್ತದೆ. ಕೀನ್ಯಾದ ಕೈಯಲ್ಲಿ ರಷ್ಯಕ್ಕೆ ಬೇಕಾದ ಯಾವ ದಾರಿಯೂ ಇರಲಿಲ್ಲ. ಮೆಚ್ಚುಗೆ ಸಿಕ್ಕಿತು, ಯುದ್ಧ ನಿಲ್ಲಲಿಲ್ಲ.

ಇಂಥ ವೇದಿಕೆಯೇ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಸಕಲೇಶಪುರ ಸೀಮೆಯಲ್ಲೇ ಉದಾಹರಣೆ ಇದೆ. ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕನ ಬಲವೆಲ್ಲ ಕರಾವಳಿಗೆ ಇಳಿಯುವ ಘಟ್ಟದ ದಾರಿಯಲ್ಲೂ ಕಾಡಿನಲ್ಲೂ ಇತ್ತು. 1802ರಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂದು ಆತನನ್ನು ಸೋಲಿಸಿ ಗಲ್ಲಿಗೇರಿಸಿದ. ದಾರಿ ಕೈಯಲ್ಲಿದ್ದ ಮಾತ್ರಕ್ಕೆ ಸಣ್ಣವನು ಉಳಿಯುತ್ತಾನೆಂದೇನೂ ಇಲ್ಲ. ಎಷ್ಟೋ ಸಲ ಆ ದಾರಿಗಾಗಿಯೇ ಆತನ ಮೇಲೆ ಏರಿ ಬರುತ್ತಾರೆ.

ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ವಿಷಯದಲ್ಲಿ ಆಗಿದ್ದನ್ನು ಈ ಬೆಳಕಿನಲ್ಲಿ ನೋಡಬಹುದು. 2025ರ ಜನವರಿ 7ರಂದು ಟ್ರಂಪ್, ಅದನ್ನು ಪಡೆಯಲು ಸೇನಾಬಲ ಬಳಸುವುದಿಲ್ಲವೆಂದು ಹೇಳಲು ನಿರಾಕರಿಸಿದರು. ಯುರೋಪಿನ ನಾಯಕರು ಮೊದಲು ಮೆಲುದನಿಯಲ್ಲಿ ಮಾತಾಡಿದರು. ಉಕ್ರೇನಿಗೆ ಅಮೆರಿಕದ ಆಯುಧ ಬೇಕಿತ್ತು. ಒಂದು ವರ್ಷದ ನಂತರ ಡೆನ್ಮಾರ್ಕ್‌ನ ಬೆಂಬಲಕ್ಕೆ ಬಂದ ದೇಶಗಳೂ ಸೇರಿ ಎಂಟು ಐರೋಪ್ಯ ದೇಶಗಳ ಮೇಲೆ ಸುಂಕ ಹಾಕುತ್ತೇನೆಂದು ಟ್ರಂಪ್ ಹೇಳಿದಾಗ, ಯುರೋಪ್ ತನ್ನ ಮಾರುಕಟ್ಟೆಯ ಬಾಗಿಲನ್ನೇ ಹಾಕುವ ಮಾತೆತ್ತಿತು. ಕೆಲವೇ ದಿನಗಳಲ್ಲಿ ಆ ಸುಂಕದ ಬೆದರಿಕೆ ಹಿಂದೆ ಸರಿಯಿತು.

ಅದೇ ತಿಂಗಳು ವೆನೆಜುವೆಲಾದಲ್ಲಿ ಪಾತ್ರಗಳು ಅದಲುಬದಲಾಗಿದ್ದವು. 2025ರ ಸೆಪ್ಟೆಂಬರ್‌ನಿಂದ ಅಮೆರಿಕದ ಸೇನೆ ಕೆರಿಬಿಯನ್ ಸಮುದ್ರದಲ್ಲಿ ಮಾದಕವಸ್ತು ಸಾಗಣೆಯ ಆರೋಪ ಹೊರಿಸಿ ದೋಣಿಗಳನ್ನು ಸ್ಫೋಟಿಸತೊಡಗಿತು; 2026ರ ಜನವರಿ 3ರಂದು ಅದರ ಪಡೆಗಳು ಕರಾಕಸ್‌ಗೆ ನುಗ್ಗಿ ಮಡುರೊ ಅವರನ್ನು ಹಿಡಿದು ನ್ಯೂಯಾರ್ಕಿಗೆ ಒಯ್ದವು. ಎರಡು ವರ್ಷದ ಹಿಂದೆ ಬೆದರಿಸುತ್ತಿದ್ದವನೇ ಈಗ ಬಲಿ. ಬ್ರೆಜಿಲ್, ಕೊಲಂಬಿಯಾಗಳು ತೀವ್ರವಾಗಿ ವಿರೋಧಿಸಿದವು, ಭಾರತ ಆತಂಕ ವ್ಯಕ್ತಪಡಿಸಿತು.

ಆದರೆ ಇಲ್ಲಿ ಗಮನಿಸಬೇಕಾದದ್ದು ವೆನೆಜುವೆಲಾದ ಕರಾವಳಿಯಿಂದ ಹತ್ತಾರು ಕಿಲೋಮೀಟರಿನೊಳಗಿರುವ ಟ್ರಿನಿಡಾಡ್ ಅನ್ನು. ಅಲ್ಲಿನ ಪ್ರಧಾನಿ, ಭಾರತೀಯ ಮೂಲದ ಕಮಲಾ ಪರ್ಸಾದ್-ಬಿಸೆಸ್ಸರ್, ನೆರೆಯ ದ್ವೀಪಗಳ ಅಸಮಾಧಾನವನ್ನು ಲೆಕ್ಕಿಸದೆ ಅಮೆರಿಕದ ಪರ ನಿಂತರು. ಅಕ್ಟೋಬರ್‌ನಲ್ಲಿ ಅಮೆರಿಕದ ಯುದ್ಧನೌಕೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಲಂಗರು ಹಾಕಿತು, ಆಮೇಲೆ ಅದೇ ದೇಶದ ಟೊಬೆಗೊ ದ್ವೀಪದಲ್ಲಿ ಅಮೆರಿಕದ ರೇಡಾರ್ ಬಂತು. ಮಾದಕ ದಂಧೆಯಿಂದ ನಮ್ಮ ಬೀದಿಗಳಲ್ಲಿ ಕೊಲೆಗಳಾಗುತ್ತಿವೆ ಎಂಬ ಅವರ ಕಾರಣ ಸುಳ್ಳೇನಲ್ಲ. ಇತ್ತ ಟ್ರಿನಿಡಾಡ್‌ನ ಸ್ವಂತ ಅನಿಲ ಬತ್ತುತ್ತಿದೆ, ಗೊಬ್ಬರ ಮತ್ತು ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಕಾರ್ಖಾನೆಗಳಿಗೆ ಅದು ನಂಬಿದ್ದು ವೆನೆಜುವೆಲಾದ ಕಡಲಿನಲ್ಲಿರುವ ಡ್ರ್ಯಾಗನ್ ಕ್ಷೇತ್ರದ ಅನಿಲವನ್ನು. ಯುದ್ಧನೌಕೆ ಬಂದ ವಾರದಲ್ಲೇ ಮಡುರೊ ಸರ್ಕಾರ ಆ ಒಪ್ಪಂದಗಳನ್ನು ತಡೆಹಿಡಿಯಿತು.